ಸೆಂಟ್ರಲ್ ಪಾರ್ಕ್ ಪಕ್ಕದ 1929ರ ಕೋ-ಆಪ್ ಮನೆ: "ಫುಲ್ ರಿನೋವೇಟೆಡ್" ಅಂದ್ರೆ ಎಲ್ಲೀವರೆಗೆ?

ಮಾಲತಿ_ನ್ಯೂಯಾರ್ಕ್:
ಸೆಂಟ್ರಲ್ ಪಾರ್ಕ್ ವೆಸ್ಟ್, 1929ರ ಕೋ-ಆಪ್ ಕಟ್ಟಡ (ನಿವಾಸಿಗಳೇ ಷೇರುದಾರರಾಗಿರೋ ಸಹಕಾರಿ ಸಂಸ್ಥೆಯದು), ಏಳನೇ ಮಹಡಿ, ಎರಡು ಬೆಡ್‌ರೂಮ್, ಪಾರ್ಕಿನ ಕಡೆಗೆ ಕಿಟಕಿ. ಅಡುಗೆಮನೆ, ಬಾತ್‌ರೂಮ್, ಓಕ್ ನೆಲ ಎಲ್ಲ ಹೊಸದು. ಅದೇ ಲೈನಿನಲ್ಲಿ ಎರಡು ಮಹಡಿ ಕೆಳಗೆ ರಿಪೇರಿ ಕಾಣದ ಮನೆಯೂ ಇದೆ, ರೇಟು ಸಾಕಷ್ಟು ಕಡಿಮೆ. ಯಾವುದು ವಾಸಿ? ನಮ್ಮದು ದಿನಾ ಒಗ್ಗರಣೆ ಹಾಕೋ ಮನೆ. ಮೇಲಿನ ಮನೇಲಿ ಗ್ಯಾಸ್ ಸ್ಟೋವ್ ಇದೆ, ಚಿಮಣಿಗೆ ಹೊರಗೆ ಹೋಗೋ ದಾರಿ ಇಲ್ಲ.

ಪೈಪ್_ಪರಮೇಶಿ:
ಟೈಲ್ಸ್ ನೋಡಿ ದುಡ್ಡು ಕೊಡಬೇಡಿ ಮೇಡಂ. ಪೈಪು ರೈಸರ್‌ವರೆಗೆ (ಎಲ್ಲ ಮಹಡಿಗೂ ಹಾದುಹೋಗೋ ನೇರ ಮುಖ್ಯ ಪೈಪು) ಬದಲಾಗಿದೆಯಾ ಅಂತ ಮೊದಲು ಕೇಳಿ. ಆ ಕಾಲದ ಕಟ್ಟಡಗಳಲ್ಲಿ ನೀರಿನ ಪೈಪು ಗ್ಯಾಲ್ವನೈಸ್ಡ್ ಕಬ್ಬಿಣ ಇಲ್ಲಾ ಹಿತ್ತಾಳೆ, ಕಮೋಡಿನ ಕೆಳಗೆ ಸೀಸದ ಬೆಂಡು. ಸರಿಯಾಗಿ ಮಾಡಿದವರು ಬೆಂಡನ್ನು ಕಿತ್ತು, ರೈಸರ್‌ನಿಂದ ಮನೆಯೊಳಗೆ ಬರೋ ಕವಲು ಪೈಪನ್ನು ಪೂರ್ತಿ ತಾಮ್ರ ಮಾಡಿ, ರೈಸರ್ ಹತ್ತಿರ ಹೊಸ ವಾಲ್ವ್ ಹಾಕಿರ್ತಾರೆ. ಅರೆಬರೆ ಕೆಲಸದವರು ಕೊನೇ ಒಂದಡಿ ತಾಮ್ರ ಜೋಡಿಸಿ ಟೈಲ್ಸ್ ಮುಚ್ತಾರೆ. ಕಬ್ಬಿಣಕ್ಕೆ ತಾಮ್ರ ನೇರವಾಗಿ ಸೇರಿದ ಕಡೆ ಕಬ್ಬಿಣ ಬೇಗ ತುಕ್ಕು ಹಿಡಿದು ಸೋರತ್ತೆ. ಷವರಿನಲ್ಲಿ ಬಿಸಿನೀರು ಹರಿಯೋಕೆ ಬಿಟ್ಟು, ಜೊತೆಗೇ ಅಡುಗೆಮನೆ ನಲ್ಲೀನೂ ತಿರುಗಿಸಿ. ತಣ್ಣೀರು ಜೋರಾಗಿದ್ದು ಬಿಸಿನೀರು ಮಾತ್ರ ಸಣ್ಣಗೆ ಬಂದ್ರೆ ಗೋಡೆಯೊಳಗೆ ಹಳೇ ಕಬ್ಬಿಣ ಇನ್ನೂ ಇರಬಹುದು. ಒಳಗಡೆ ಗಸಿ ಕಟ್ಟೋದು ಬಿಸಿ ಪೈಪಿನಲ್ಲೇ ಮೊದಲು.

ಕಾಗದಪತ್ರ:
ಪೈಪಿಗಿಂತ ಮೊದಲು ಕಾಗದ. ಹಿಂದಿನವರು ಕೋ-ಆಪ್ ಜೊತೆ ಮಾಡಿಕೊಂಡ ಆಲ್ಟರೇಷನ್ ಅಗ್ರಿಮೆಂಟ್ (ರಿಪೇರಿ ಕೆಲಸದ ಒಪ್ಪಂದ) ತರಿಸಿ. ಸಾಮಾನ್ಯವಾಗಿ ಗೋಡೆಯೊಳಗಿನ ಪೈಪು ಕಟ್ಟಡದ ಜವಾಬ್ದಾರಿ. ಆದರೆ ಮಾಲೀಕರು ಬದಲಾಯಿಸಿದ ಭಾಗ ಮಾಲೀಕರ ತಲೆಗೇ ಬರತ್ತೆ, ಮನೆ ಕೊಂಡಾಗ ಬಹಳ ಕಡೆ ನಿಮಗೆ ವರ್ಗವಾಗತ್ತೆ. ಕೆಳಗಿನ ಮನೆಯ ಚಾವಣಿ ಒದ್ದೆಯಾದ್ರೆ ಬಿಲ್ಲು ನಿಮಗೆ. ನಗರದ ಕಟ್ಟಡ ಇಲಾಖೆಯ ವೆಬ್‌ಸೈಟಿನಲ್ಲಿ ಆ ಕೆಲಸದ ಪರ್ಮಿಟ್ ಕ್ಲೋಸ್ ಆಗಿದೆಯಾ, ಕೆಲಸ ಮುಗಿದಿದ್ದಕ್ಕೆ ಲೆಟರ್ ಆಫ್ ಕಂಪ್ಲೀಷನ್ ಬಂದಿದೆಯಾ ನೋಡಿ. ಓಪನ್ ಇದ್ರೆ ಮಾರುವವರೇ ಮುಗಿಸಿಕೊಡಲಿ. ಕಿಟಕಿ ಹೊಸದಾಗಿದ್ರೆ ಲ್ಯಾಂಡ್‌ಮಾರ್ಕ್ಸ್ (ನಗರದ ಪಾರಂಪರಿಕ ಕಟ್ಟಡ ಆಯೋಗ) ಪರ್ಮಿಟ್ಟೂ ಬೇಕು. ಸೆಂಟ್ರಲ್ ಪಾರ್ಕ್ ವೆಸ್ಟ್ 1990ರಿಂದ ಐತಿಹಾಸಿಕ ವಲಯ.

ಹಳೇಗೋಡೆ:
ಇಷ್ಟೆಲ್ಲ ಅನುಮಾನ ಪಡೋ ಬದಲು ಕೆಳಗಿನ ಮನೆ ತಗೊಂಡು ನೀವೇ ಮಾಡಿಸಿ. ಗೋಡೆಯೊಳಗೆ ಏನಿದೆ ಅಂತ ನಿಮಗೇ ಗೊತ್ತಿರತ್ತೆ.

ಕಾಗದಪತ್ರ:
@ಹಳೇಗೋಡೆ ಹೇಳೋದು ಸುಲಭ ಸಾರ್. ಆರ್ಕಿಟೆಕ್ಟ್ ನಕ್ಷೆ, ಕೋ-ಆಪ್ ಬೋರ್ಡಿನ ಒಪ್ಪಿಗೆ, ಕಲ್ನಾರು ಪರೀಕ್ಷೆಯ ಎಸಿಪಿ-5 ಫಾರ್ಮು, ಕಂಟ್ರಾಕ್ಟರ್ ವಿಮೆ, ಡೆಪಾಸಿಟ್ಟು, ಇಷ್ಟಾದ ಮೇಲೆ ಮೊದಲ ಸುತ್ತಿಗೆ ಏಟು. ಕೆಲಸ ವಾರದ ದಿನ ಮಾತ್ರ, ಸಂಜೆಯೊಳಗೆ ಬಂದ್. ಕೆಲವು ಕಟ್ಟಡಗಳಲ್ಲಿ ಗದ್ದಲದ ಕೆಲಸಕ್ಕೆ ಬೇಸಿಗೆ ಬಿಟ್ಟರೆ ಅವಕಾಶವೇ ಇಲ್ಲ. ಅಷ್ಟು ದಿನ ಬಾಡಿಗೆ ಮನೆ ಬಾಡಿಗೆಯ ಜೊತೆಗೆ ಇದರ ಮೇಂಟೆನೆನ್ಸೂ ಕಟ್ಟಬೇಕು. ಬಾತ್‌ರೂಮನ್ನು ಕೆಳಗಿನವರ ಬೆಡ್‌ರೂಮಿನ ಮೇಲೆ ಸರಿಸೋಕೂ ಬಿಡಲ್ಲ.

ಸ್ಟೀಮ್_ಶಂಕರ:
ಯಾರೂ ರೇಡಿಯೇಟರ್ (ಚಳಿಗೆ ಹಬೆಯಿಂದ ಕೋಣೆ ಬಿಸಿ ಮಾಡೋ ಸಾಧನ) ಮಾತೇ ಎತ್ತಲಿಲ್ಲ! ಹೊಸ ಓಕ್ ನೆಲ ಅಂದಾಗಲೇ ಕಿವಿ ನಿಮಿರಿತು. ಒಂದೇ ಪೈಪಿನ ಸ್ಟೀಮ್ ಆಗಿದ್ರೆ ಹಬೆ ಬರೋ ಪೈಪಿನಲ್ಲೇ ನೀರು ವಾಪಸ್ ಇಳೀಬೇಕು, ಅದಕ್ಕೆ ರೇಡಿಯೇಟರ್ ವಾಲ್ವಿನ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ನೆಲ ಕಿತ್ತು ಹಾಕುವಾಗ ಈ ವಾಟ ತಪ್ಪತ್ತೆ. ಒಳಗೆ ನಿಂತ ನೀರಿಗೆ ಹಬೆ ಗುದ್ದಿ ರಾತ್ರಿ ಎರಡು ಗಂಟೆಗೆ ಢಣ್ ಢಣ್. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ಗುಳ್ಳೆ ವಾಲ್ವಿನ ಕಡೆಗೆ ಸರಿದ್ರೆ ವಾಟ ಉಲ್ಟಾ. ವಾಲ್ವಿಗೆ ಎದುರು ಕೊನೆಯ ಕಾಲುಗಳ ಕೆಳಗೆ ತೆಳು ಲೋಹದ ಬಿಲ್ಲೆ ಕೊಟ್ಟರೆ ಸರಿಹೋಗತ್ತೆ. ವಾಲ್ವನ್ನ ಪೂರ್ತಿ ತೆರೀರಿ ಇಲ್ಲಾ ಪೂರ್ತಿ ಮುಚ್ಚಿ, ಅರ್ಧ ತಿರುಗಿಸಿದ್ರೂ ಇದೇ ಗಲಾಟೆ. ಸೆಕೆ ಅಂತ ಥರ್ಮೋಸ್ಟ್ಯಾಟ್ ವಾಲ್ವ್ ಹಾಕಿಸೋದಾದ್ರೆ ರೇಡಿಯೇಟರಿಗೂ ಏರ್ ವೆಂಟಿಗೂ (ಒಳಗಿನ ಗಾಳಿ ಹೊರಬಿಡೋ ಪುಟ್ಟ ಕವಾಟ) ನಡುವೆ ಹಾಕಿಸಿ. ಹಬೆ ಒಳಬರೋ ಕಡೆ ಹಾಕೋ ಪ್ಲಂಬರ್‌ಗಳೂ ಇದ್ದಾರೆ, ಆ ಪುಣ್ಯಾತ್ಮರಿಂದ ದೂರ ಇರಿ.

ಪೈಪ್_ಪರಮೇಶಿ:
ಒಗ್ಗರಣೆ ವಿಷಯ: ಗಾಳಿಯನ್ನು ಒಳಗೇ ಸುತ್ತಿಸೋ ಚಿಮಣಿ ಜಿಡ್ಡನ್ನೇನೋ ತಡೀತದೆ, ಆದ್ರೆ ಮೆಣಸಿನಕಾಯಿ ಘಾಟು ನಿಲ್ಲಿಸಲ್ಲ. ಇದ್ದಿಲ ಫಿಲ್ಟರನ್ನ ಕೆಲವು ತಿಂಗಳಿಗೊಮ್ಮೆ ಬದಲಾಯಿಸದಿದ್ರೆ ಅದೂ ದಂಡ. ಅಡುಗೆಮನೆಗೆ ಕಿಟಕಿ ಇದೆಯಾ ನೋಡಿ, ಇದ್ರೆ ಬಚಾವ್.

ಹಳೇಗೋಡೆ:
ಇಂಡಕ್ಷನ್ ಹಾಕಿಸಿಕೊಳ್ಳಿ. ಗ್ಯಾಸ್ ಲೈನಿನಲ್ಲಿ ಒಂದು ಕಡೆ ಲೀಕ್ ಸಿಕ್ಕರೆ ಇಡೀ ರೈಸರ್ ಬಂದ್. ಪ್ರೆಶರ್ ಟೆಸ್ಟು, ಇನ್‌ಸ್ಪೆಕ್ಷನ್ ಮುಗಿಯೋಕೆ ತಿಂಗಳುಗಟ್ಟಲೆ.

ಕಾಗದಪತ್ರ:
30 ಇಂಚಿನ ಇಂಡಕ್ಷನ್ನಿಗೆ ಸಾಮಾನ್ಯವಾಗಿ 40 ಆಂಪ್ ಬೇಕು. ಮನೆಗೆ ಬರೋದೇ 60 ಆಂಪ್ ಆದ್ರೆ ನೆಲಮಾಳಿಗೆಯಿಂದ ಹೊಸ ಫೀಡರ್ (ಮನೆಗೆ ಕರೆಂಟ್ ತರೋ ಮುಖ್ಯ ತಂತಿ) ಎಳೀಬೇಕಾಗಬಹುದು. ಇಲ್ಲಿನ ದೊಡ್ಡ ಕಟ್ಟಡಗಳಲ್ಲಿ ಅನೇಕ ಕಡೆ 240 ಅಲ್ಲ, 208 ವೋಲ್ಟ್. ಒಲೆಯ ಸ್ಪೆಕ್‌ನಲ್ಲಿ 208ರ ಲೆಕ್ಕ ನೋಡಿ. ಪ್ಯಾನೆಲ್ ಹೊಸದಾಗಿದೆ ಅಂತ ನಂಬಬೇಡಿ, ಅದಕ್ಕೆ ಬರೋ ತಂತಿ ಎಷ್ಟು ದಪ್ಪ ಅನ್ನೋದೇ ಲೆಕ್ಕ.

ಮಾಲತಿ_ನ್ಯೂಯಾರ್ಕ್:
ಪಾರ್ಕ್ ಕಡೆ ಕಿಟಕಿ ಮೇಲೆ ಪೇಂಟು ಸ್ವಲ್ಪ ಉಬ್ಬಿದೆ. "ಹಳೇ ಗೋಡೆ, ಹಾಗೇ ಇರತ್ತೆ" ಅಂದ್ರು ಬ್ರೋಕರ್.

ಹಳೇಗೋಡೆ:
ಹಾಗೇನೂ ಇರಲ್ಲ. ಕಿಟಕಿ ಮೇಲಿನ ಉಕ್ಕಿನ ತೊಲೆ ತುಕ್ಕು ಹಿಡಿದು ಉಬ್ಬಿದ್ರೆ ಇಟ್ಟಿಗೆ ಸಂದು ಬಿಡತ್ತೆ, ನೀರು ನೇರ ಗಾರೆಗೆ ಇಳಿಯತ್ತೆ. ಅಲ್ಲಿ ಪಾರ್ಕಿನ ಕಡೆಯದು ಪೂರ್ವದ ಗೋಡೆ, ಈಶಾನ್ಯದ ಬಿರುಗಾಳಿ ಮಳೆ ಬಡಿಯೋದು ಅದಕ್ಕೇ. ಒಳಗಿಂದ ಎಷ್ಟು ಪುಟ್ಟಿ ಬಳಿದ್ರೂ ದಂಡ. ಹೊರಗೆ ಸಂದು ತುಂಬಿಸಿ, ಗೋಡೆ ಒಣಗಿದ ಮೇಲಷ್ಟೇ ಒಳಗಿನ ಗಾರೆ. ಹೊರಗೋಡೆ ಕಟ್ಟಡದ ಖರ್ಚು. ಆರಕ್ಕಿಂತ ಹೆಚ್ಚು ಮಹಡಿ ಇದ್ರೆ 5 ವರ್ಷಕ್ಕೊಮ್ಮೆ ಮುಂಭಾಗದ ತಪಾಸಣೆ ಕಡ್ಡಾಯ, ಆ ವರದಿ ಕೇಳಿ ಪಡೀರಿ. ಉಬ್ಬಿದ ಪೇಂಟನ್ನ ಕೆರೆಯೋಕೆ ಹೋಗಬೇಡಿ, ನ್ಯೂಯಾರ್ಕ್ ಸೀಸದ ಬಣ್ಣ ನಿಷೇಧಿಸಿದ್ದು 1960ರಲ್ಲಿ, ಅಡಿಯ ಪದರದಲ್ಲಿ ಅದೇ ಇರಬಹುದು. ಜೋರು ಮಳೆ ಬಂದ ಮಾರನೇ ದಿನ ಇನ್‌ಸ್ಪೆಕ್ಟರನ್ನ ಕರಕೊಂಡು ಹೋಗಿ ತೇವದ ಮೀಟರ್ ಇಡಿಸಿ. ಐದನೇ ಮಹಡೀಲೂ ಅದೇ ಜಾಗಕ್ಕೆ ಇಡಿಸಿ, ಗೋಡೆ ಎರಡಕ್ಕೂ ಒಂದೇ.