ಸೋಯಾ–ಪ್ಯಾರಾಫಿನ್ ಬೆರಕೆಯ ಪರಿಮಳದ ಮೇಣದಬತ್ತಿ: ತಪ್ಪು ಪ್ರಮಾಣದಲ್ಲಿದೆಯೋ, ಪರೀಕ್ಷೆಯಲ್ಲಿದೆಯೋ?

ಪ್ರಶ್ನೆ

ನಮಸ್ಕಾರ. ಕೆಲವು ತಿಂಗಳುಗಳಿಂದ ಮನೆಯಲ್ಲಿಯೇ ಪರಿಮಳದ ಮೇಣದಬತ್ತಿಗಳನ್ನು ಮಾಡುತ್ತಿದ್ದೇನೆ. ಬರಿಯ ಸೋಯಾ ಮೇಣದಲ್ಲಿ ಮಾಡಿದವು ಹಚ್ಚದೆ ಇಟ್ಟಾಗ ಘಮ್ಮೆನ್ನುತ್ತವೆ, ಹಚ್ಚಿದ ಮೇಲೆ ಮಾತ್ರ ಆ ಪರಿಮಳ ಮೇಜಿನ ಅಂಚನ್ನೂ ದಾಟುವುದಿಲ್ಲ. ಪ್ಯಾರಾಫಿನ್ ಬೆರೆಸಿದರೆ ಈ ಕೊರತೆ ನೀಗುತ್ತದೆ ಎಂದು ಅನೇಕರು ಹೇಳಿದ್ದರಿಂದ, ಯಾವ ಪ್ರಮಾಣ ಸರಿಹೋಗುತ್ತದೆ ಎಂಬುದನ್ನು ನಾನೇ ಪರೀಕ್ಷಿಸಿ ನೋಡಿದೆ. ಫಲಿತಾಂಶ ಗೊಂದಲವನ್ನು ಹೆಚ್ಚಿಸಿರುವುದರಿಂದ ಎಲ್ಲವನ್ನೂ ವಿವರವಾಗಿ ಬರೆಯುತ್ತಿದ್ದೇನೆ.

ಒಳಗಿನ ಅಗಲ 7 ಸೆಂಟಿಮೀಟರ್ ಇರುವ, ಒಂದೇ ಅಳತೆಯ ನಾಲ್ಕು ಗಾಜಿನ ಲೋಟಗಳಿಗೆ ತಲಾ 180 ಗ್ರಾಂ ಮೇಣ ತೂಗಿದೆ. ಮೊದಲನೆಯದು ಪೂರ್ತಿ ಸೋಯಾ; ಎರಡನೆಯದರಲ್ಲಿ 144 ಗ್ರಾಂ ಸೋಯಾ ಮತ್ತು 36 ಗ್ರಾಂ ಪ್ಯಾರಾಫಿನ್; ಮೂರನೆಯದರಲ್ಲಿ 117 ಮತ್ತು 63; ನಾಲ್ಕನೆಯದರಲ್ಲಿ ಎರಡೂ ಸಮ. ಲ್ಯಾವೆಂಡರ್ ಸುಗಂಧ ತೈಲವನ್ನು ಮೇಣದ ತೂಕದ ಶೇ. 8ರಂತೆ, ಅಂದರೆ ಲೋಟಕ್ಕೆ 14.4 ಗ್ರಾಂ ಹಾಕಿದೆ. ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆಯಿಟ್ಟು ಮೇಣವನ್ನು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, 75ರಲ್ಲಿ ತೈಲ ಬೆರೆಸಿ, ಎರಡು ನಿಮಿಷ ಕದಡಿ, 65ರಲ್ಲಿ ಸುರಿದೆ. ಹೋಲಿಕೆ ನ್ಯಾಯವಾಗಿರಬೇಕೆಂದು ನಾಲ್ಕಕ್ಕೂ ಒಂದೇ ಗಾತ್ರದ, ಹೆಣೆದ ಹತ್ತಿಯ ಬತ್ತಿಯನ್ನೇ ನಿಲ್ಲಿಸಿದೆ. ಮೂರನೆಯ ದಿನ ನಾಲ್ಕನ್ನೂ ಒಂದೊಂದಾಗಿ ನಾಲ್ಕು ಗಂಟೆ ಉರಿಸಿದೆ.

ಪೂರ್ತಿ ಸೋಯಾ ಲೋಟದಲ್ಲಿ ಕರಗಿದ ಮೇಣ ನಾಲ್ಕು ಗಂಟೆಯ ನಂತರವೂ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಅಗಲಕ್ಕೇ ನಿಂತಿತು; ಸುತ್ತ ಒಂದು ಬೆರಳು ದಪ್ಪದ ಗೋಡೆ ಉಳಿದು ನಡುವೆ ಸುರಂಗ ಬಿದ್ದಿತು. ಸಮಪಾಲಿನ ಲೋಟದಲ್ಲಿ ಎರಡು ಗಂಟೆಯೊಳಗೇ ಮೇಣ ಅಂಚಿನಿಂದ ಅಂಚಿಗೆ ಕರಗಿ ಕೋಣೆಯೆಲ್ಲ ಪರಿಮಳ ತುಂಬಿತು. ಆದರೆ ನಾಲ್ಕನೆಯ ಗಂಟೆಗೆ ಬತ್ತಿಯ ತುದಿಯಲ್ಲಿ ಕರಿಯ ಗುಂಡು ಕಟ್ಟಿ, ಕುಡಿ ಹೊಯ್ದಾಡಿ, ಲೋಟದ ಬಾಯಿಗೆ ಮಸಿ ಹಿಡಿಯಿತು. ಅದಕ್ಕೂ ಮೊದಲು, ಸುರಿದ ಮರುದಿನವೇ, ಅದರ ಬತ್ತಿಯ ಬುಡದಲ್ಲಿ ಕುಳಿ ಬಿದ್ದಿತ್ತು. ಉಳಿದೆರಡು ಇವುಗಳ ನಡುವೆ ಎಲ್ಲೋ ನಿಂತವು. ಸೋಯಾ ಹೆಚ್ಚಿರುವ ಲೋಟಗಳ ಮೈಮೇಲೆ ಬಿಳಿಯ ಹೂಹೂವಾದ ಮಚ್ಚೆಗಳೂ ಮೂಡಿವೆ.

ಸೋಯಾ ಪಾಲು ಹೆಚ್ಚಿರಬೇಕೆಂಬುದು ನನ್ನ ಆಸೆ. ಆದರೆ ಈ ಪರೀಕ್ಷೆಯ ಪ್ರಕಾರ ಸಮಪಾಲೇ ಗೆದ್ದಂತೆ ತೋರುತ್ತದೆ. ಈ ತೀರ್ಮಾನ ಸರಿಯೇ? ಅಥವಾ ಪರೀಕ್ಷಿಸಿದ ಕ್ರಮದಲ್ಲಿಯೇ ದೋಷವಿದೆಯೇ?

ಮೊದಲನೆಯ ಉತ್ತರ

ನಿಮ್ಮ ಅಳತೆಗಳು ಅಚ್ಚುಕಟ್ಟಾಗಿವೆ. ಇಷ್ಟು ವಿವರ ಕೊಟ್ಟು ಕೇಳುವವರು ಕಡಿಮೆ, ಆದ್ದರಿಂದ ಉತ್ತರಿಸುವುದೂ ಸುಲಭವಾಗಿದೆ. ನನ್ನ ಅಭಿಪ್ರಾಯದಲ್ಲಿ ನೀವು ಪರೀಕ್ಷಿಸಿದ್ದು ಮೇಣದ ಬೆರಕೆಯನ್ನಲ್ಲ; ನಿಮ್ಮ ಕೈಯಲ್ಲಿದ್ದ ಒಂದು ಬತ್ತಿ ಯಾವ ಬೆರಕೆಗೆ ಹೊಂದುತ್ತದೆ ಎಂಬುದನ್ನು.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬ ನಿಯಮವನ್ನು ನೀವು ನಿಷ್ಠೆಯಿಂದ ಪಾಲಿಸಿದ್ದೀರಿ. ಆದರೆ ಮೇಣ ಬದಲಾದಾಗ ಬತ್ತಿಯನ್ನು ಹಾಗೆಯೇ ಬಿಟ್ಟರೆ ಅದು ಎಲ್ಲ ಲೋಟಗಳಿಗೂ ಸಮನಾಗಿ ಉಳಿಯುವುದಿಲ್ಲ. ಉರಿಯುವುದು ಬತ್ತಿಯಲ್ಲ, ಬತ್ತಿಯ ಎಳೆಗಳ ನಡುವೆ ಮೇಲಕ್ಕೇರಿ ಆವಿಯಾಗುವ ಮೇಣ. ಪ್ಯಾರಾಫಿನ್ ಪೆಟ್ರೋಲಿಯಂನಿಂದ ಬರುವ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಕರಗಿದಾಗ ತೆಳುವಾಗಿ, ಸಲೀಸಾಗಿ ಬತ್ತಿಯನ್ನು ಏರುತ್ತದೆ. ಸೋಯಾ ಮೇಣವೆಂದರೆ ಹೈಡ್ರೋಜನ್ ಸೇರಿಸಿ ಗಟ್ಟಿಗೊಳಿಸಿದ ಸೋಯಾ ಎಣ್ಣೆ, ಅಂದರೆ ಕೊಬ್ಬಿನ ಜಾತಿಯದು. ಕರಗಿದಾಗಲೂ ಅದು ಪ್ಯಾರಾಫಿನ್‌ಗಿಂತ ಮಂದ. ಜೊತೆಗೆ ಕೊಬ್ಬಿನ ಅಣುವಿನಲ್ಲಿ ಆಮ್ಲಜನಕ ಮೊದಲೇ ಸೇರಿರುವುದರಿಂದ ಉರಿದಾಗ ಅದು ಕೊಡುವ ಶಾಖವೂ ಕಡಿಮೆ: ಗ್ರಾಂಗೆ ಪ್ಯಾರಾಫಿನ್ ಸುಮಾರು 46 ಕಿಲೋಜೂಲ್ ಕೊಟ್ಟರೆ, ಕೊಬ್ಬು ಸುಮಾರು 39. ಬತ್ತಿಗೆ ಸಿಗುವ ಮೇಣವೂ ಕಡಿಮೆ, ಸಿಕ್ಕ ಮೇಣದಿಂದ ಬರುವ ಶಾಖವೂ ಕಡಿಮೆ ಎಂದಾದ ಮೇಲೆ ಸೋಯಾ ಲೋಟದಲ್ಲಿ ಸುರಂಗ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ಬತ್ತಿ ಸಮಪಾಲಿನ ಲೋಟದಲ್ಲಿ ಅಗತ್ಯಕ್ಕಿಂತ ಹೆಚ್ಚು ಮೇಣವನ್ನು ಎಳೆಯಿತು. ಪೂರ್ತಿ ಉರಿಯದೆ ಉಳಿದ ಇಂಗಾಲವೇ ತುದಿಯಲ್ಲಿ ಗುಂಡಾಯಿತು, ಲೋಟದ ಬಾಯಲ್ಲಿ ಮಸಿಯಾಯಿತು.

ಪರಿಮಳದ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಉರಿಯುವಾಗ ಪರಿಮಳ ಹೊಮ್ಮುವುದು ಮುಖ್ಯವಾಗಿ ಬತ್ತಿಯ ಸುತ್ತ ನಿಂತ ಕರಗಿದ ಮೇಣದ ಕೊಳದಿಂದ. ನಾಲ್ಕೂವರೆ ಸೆಂಟಿಮೀಟರ್ ಅಗಲದ ಕೊಳಕ್ಕೂ ಏಳು ಸೆಂಟಿಮೀಟರ್ ಅಗಲದ ಕೊಳಕ್ಕೂ ಮೇಲ್ಮೈಯಲ್ಲಿ ಸುಮಾರು ಎರಡೂವರೆ ಪಟ್ಟು ವ್ಯತ್ಯಾಸವಿದೆ. ಹಾಗಿರುವಾಗ ಸೋಯಾ ಪರಿಮಳ ಬಿಡಲಿಲ್ಲ ಎಂದು ಹೇಳುವುದು ಅದಕ್ಕೆ ಅನ್ಯಾಯ.

ಮುಂದಿನ ಸಲ ಎರಡೇ ಪ್ರಮಾಣ ಇಟ್ಟುಕೊಂಡು, ಪ್ರತಿಯೊಂದನ್ನೂ ಮೂರು ಗಾತ್ರದ ಬತ್ತಿಗಳಲ್ಲಿ ಮಾಡಿ. ಸೋಯಾ ಹೆಚ್ಚಿರುವುದಕ್ಕೆ ಈಗಿನದಕ್ಕಿಂತ ಒಂದು, ಎರಡು ಮತ್ತು ಮೂರು ಗಾತ್ರ ದೊಡ್ಡದನ್ನೂ, ಸಮಪಾಲಿನದಕ್ಕೆ ಈಗಿನದು ಮತ್ತು ಅದಕ್ಕಿಂತ ಒಂದು, ಎರಡು ಗಾತ್ರ ಚಿಕ್ಕದನ್ನೂ ಹಾಕಿ. ಹಚ್ಚುವ ಮೊದಲು ಲೋಟವನ್ನು ತೂಗಿ, ನಾಲ್ಕು ಗಂಟೆಯ ನಂತರ ಆರಿಸಿ ಮತ್ತೆ ತೂಗಿ. ಗಂಟೆಗೆ ಎಷ್ಟು ಗ್ರಾಂ ಉರಿಯಿತು ಎಂಬ ಈ ಒಂದು ಸಂಖ್ಯೆ ಕಣ್ಣಂದಾಜಿಗಿಂತ ಎಷ್ಟೋ ಮೇಲು. ಎರಡೂ ಬೆರಕೆಗಳು ಸರಿಸುಮಾರು ಒಂದೇ ವೇಗದಲ್ಲಿ ಉರಿಯುವ ಜೋಡಿ ಸಿಕ್ಕಿದ ಮೇಲೆ ಪರಿಮಳವನ್ನು ಹೋಲಿಸಿ.

ಇನ್ನೊಂದು ಮಾತು. ಮೊದಲ ಸಲ ಹಚ್ಚಿದಾಗಲೇ ಕೊಳ ಗೋಡೆಯವರೆಗೆ ಮುಟ್ಟಬೇಕೆಂದು ಹಟ ಹಿಡಿಯಬೇಡಿ. ಎರಡೂವರೆ ಸೆಂಟಿಮೀಟರ್ ಅಗಲಕ್ಕೆ ಒಂದು ಗಂಟೆ ಎಂಬುದು ರೂಢಿಯ ಲೆಕ್ಕ. ಆದರೆ ಮೇಣ ಇಳಿಯುತ್ತ ಹೋದಂತೆ ಕುಡಿ ಲೋಟದೊಳಕ್ಕೆ ಸರಿಯುತ್ತದೆ, ಗಾಜಿನ ಗೋಡೆ ಶಾಖವನ್ನು ಹಿಡಿದಿಡುತ್ತದೆ, ಮೊದಲ ದಿನ ಅಂಟಿದ್ದ ತೆಳು ಅಂಚು ಆಗ ತಾನಾಗಿಯೇ ಕರಗಿ ಬರುತ್ತದೆ. ಮೊದಲ ದಿನವೇ ಭರ್ಜರಿಯಾಗಿ ಉರಿದ ಬತ್ತಿ, ಲೋಟ ಅರ್ಧವಾದ ಮೇಲೆ ಅಪಾಯಕಾರಿಯಾಗಬಹುದು.

ಎರಡನೆಯ ಉತ್ತರ

ಬತ್ತಿಯ ಬಗ್ಗೆ ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಹುದುಗಿಡುವ ದಿನ, ಬಿಳಿ ಮಚ್ಚೆ ಮತ್ತು ಕುಳಿಯ ಬಗ್ಗೆ ನಾನು ಕೆಲವು ಮಾತು ಸೇರಿಸುತ್ತೇನೆ.

ಮೂರನೆಯ ದಿನ ಪರೀಕ್ಷಿಸಿದ್ದು ಪ್ಯಾರಾಫಿನ್ ಕಡೆಗೆ ವಾಲಿದ ಪರೀಕ್ಷೆ. ಪ್ಯಾರಾಫಿನ್ ಹೆಚ್ಚಿರುವ ಮೇಣದಬತ್ತಿ ಮೂರರಿಂದ ಐದು ದಿನದಲ್ಲಿ ತನ್ನ ಪರಿಮಳವನ್ನು ತೋರಿಸಿಬಿಡುತ್ತದೆ, ಸೋಯಾ ಹೆಚ್ಚಿರುವುದಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಒಮ್ಮೆ ನಾನು ಒಂದೇ ಪಾತ್ರೆಯಿಂದ ಸುರಿದ ಎರಡು ಸೋಯಾ ಲೋಟಗಳಲ್ಲಿ ಒಂದನ್ನು ಮೂರನೆಯ ದಿನ, ಇನ್ನೊಂದನ್ನು ಹದಿನಾಲ್ಕನೆಯ ದಿನ ಹಚ್ಚಿದ್ದೆ. ಎರಡೂ ಬೇರೆ ಬೇರೆ ತೈಲದವೇನೋ ಎನ್ನುವಷ್ಟು ಅಂತರವಿತ್ತು. ಮುಚ್ಚಳ ಹಾಕಿ, ಬಿಸಿಲು ಬೀಳದ ಕಡೆ ಇಟ್ಟು, ಎಲ್ಲ ಲೋಟಗಳನ್ನೂ ಹದಿನಾಲ್ಕನೆಯ ದಿನವೇ ತೆರೆಯಿರಿ.

ಬಿಳಿ ಹೂವಿನಂಥ ಮಚ್ಚೆಗಳು ನಿಮ್ಮ ತಪ್ಪಲ್ಲ. ಕೊಬ್ಬು ಗಟ್ಟಿಯಾಗುವಾಗ ಒಂದಕ್ಕಿಂತ ಹೆಚ್ಚು ಬಗೆಯ ಹರಳುಗಳಾಗಬಲ್ಲದು, ಮತ್ತು ಕಾಲ ಕಳೆದಂತೆ ಒಂದು ಬಗೆಯಿಂದ ಹೆಚ್ಚು ಸ್ಥಿರವಾದ ಇನ್ನೊಂದು ಬಗೆಗೆ ಹೊರಳುತ್ತದೆ. ಬಹಳ ದಿನ ಇಟ್ಟ ಚಾಕೊಲೇಟ್ ಮೇಲೆ ಬೂದಿ ಬಳಿದಂತೆ ಕಾಣುವುದೂ ಇದೇ ಜಾತಿಯ ಬದಲಾವಣೆಯಿಂದ. ಉರಿಯುವುದಕ್ಕಾಗಲಿ ಪರಿಮಳಕ್ಕಾಗಲಿ ಇದರಿಂದ ತೊಂದರೆಯಿಲ್ಲ. ಬಣ್ಣ ಹಾಕಿದ ಮೇಣದಲ್ಲಿ ಕಣ್ಣಿಗೆ ಹೊಡೆಯುತ್ತದೆ ಅಷ್ಟೆ. ಪ್ಯಾರಾಫಿನ್ ಬೆರೆತಾಗ ಈ ಹರಳುಗಟ್ಟುವಿಕೆಗೆ ಅಡ್ಡಿಯಾಗುವುದರಿಂದ ಮಚ್ಚೆ ಕಡಿಮೆಯಾಗುತ್ತದೆ. ನಾನು ಬೆರಕೆಗೆ ಬಂದದ್ದೇ ಇದಕ್ಕಾಗಿ, ಪರಿಮಳಕ್ಕಾಗಿ ಅಲ್ಲ.

ಕುಳಿ ಮಾತ್ರ ಪ್ಯಾರಾಫಿನ್‌ನ ಗುಣ. ಗಟ್ಟಿಯಾಗುವಾಗ ಅದು ಗಣನೀಯವಾಗಿ ಕುಗ್ಗುತ್ತದೆ. ಗಾಜಿಗೆ ತಾಗಿದ ಮೇಣವೂ ಮೇಲಿನ ಪದರವೂ ಮೊದಲು ಹೆಪ್ಪುಗಟ್ಟುತ್ತವೆ, ನಡುವಿನದು ಕೊನೆಗೆ. ಆ ಕೊನೆಯ ಮೇಣ ಕುಗ್ಗಿದಾಗ ಬತ್ತಿಯ ಪಕ್ಕದಲ್ಲಿ ಪೊಳ್ಳು ಉಳಿಯುತ್ತದೆ. ಸುರಿಯುವಾಗ ಹದಿನೈದು ಗ್ರಾಂನಷ್ಟು ಉಳಿಸಿಕೊಳ್ಳಿ. ಮೇಲೆ ಕೆನೆ ಕಟ್ಟಿ, ಒಳಗೆ ಇನ್ನೂ ಮೆತ್ತಗಿರುವಾಗ ಬತ್ತಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ ತೆಳುವಾದ ಕಡ್ಡಿಯಿಂದ ಎರಡು ಮೂರು ಕಡೆ ಚುಚ್ಚಿ. ಪೂರ್ತಿ ಆರಿದ ಮೇಲೆ ಉಳಿಸಿಕೊಂಡದ್ದನ್ನು ಮೊದಲ ಸಲಕ್ಕಿಂತ ನಾಲ್ಕೈದು ಡಿಗ್ರಿ ಬಿಸಿಯಾಗಿ ಸುರಿದು ಮುಚ್ಚಿ. ಲೋಟಗಳ ನಡುವೆ ಅಂತರ ಬಿಟ್ಟು, ಫ್ಯಾನಿನ ಗಾಳಿ ತಾಗದಂತೆ ಆರಲು ಬಿಡಿ.

ಒಂದು ಪ್ರಶ್ನೆಯೂ ಇದೆ. ನಿಮ್ಮದು ಮೃದುವಾದ, ಲೋಟಕ್ಕೆಂದೇ ಮಾರುವ ಪ್ಯಾರಾಫಿನ್ನೋ, ಕಂಬದಂತೆ ನಿಲ್ಲುವ ಮೇಣದಬತ್ತಿಗೆ ಬಳಸುವ ಗಟ್ಟಿಯದೋ? ಗಟ್ಟಿಯದು 60 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಹೆಚ್ಚು ಕುಗ್ಗಿ ಗಾಜನ್ನು ಬಿಟ್ಟು ಬರುತ್ತದೆ. ಹಾಗೆಯೇ ಸೋಯಾ ಚೀಲದ ಮೇಲಿನ ವಿವರವನ್ನೂ ಓದಿ ನೋಡಿ. ಕೆಲವು ಸೋಯಾ ಮೇಣಗಳಲ್ಲಿ ತಯಾರಕರು ಮೊದಲೇ ಬೇರೆ ಮೇಣ ಬೆರೆಸಿರುತ್ತಾರೆ, ಆಗ ನೀವು 80:20 ಎಂದುಕೊಂಡದ್ದು 80:20 ಆಗಿರುವುದಿಲ್ಲ.

ಮೂರನೆಯ ಉತ್ತರ

ಮೂಗಿನ ಬಗ್ಗೆ ಒಂದೇ ಮಾತು. ನಾಲ್ಕು ಗಂಟೆ ಅದೇ ಕೋಣೆಯಲ್ಲಿ ಕುಳಿತವರ ಮೂಗು ಪರಿಮಳಕ್ಕೆ ಒಗ್ಗಿಹೋಗಿರುತ್ತದೆ, ಅದರ ತೀರ್ಪನ್ನು ನಂಬಬೇಡಿ. ಹಚ್ಚಿ ಹೊರಗೆ ಬಂದು ಬಾಗಿಲು ಹಾಕಿ. ಎರಡು ಗಂಟೆಯ ನಂತರ, ಲೋಟ ಯಾವುದೆಂದು ಗೊತ್ತಿಲ್ಲದ ಇನ್ನೊಬ್ಬರನ್ನು ಒಳಗೆ ಕಳುಹಿಸಿ, ಕಾಲಿಟ್ಟ ಕ್ಷಣದಲ್ಲಿ ಅನಿಸಿದ್ದನ್ನು ಐದರಲ್ಲಿ ಇಷ್ಟು ಎಂದು ಹೇಳಲು ಕೇಳಿ. ಲೋಟದ ತಳದಲ್ಲಿ ಗುರುತು ಬರೆದು, ದಿನಕ್ಕೆ ಒಂದನ್ನೇ ಪರೀಕ್ಷಿಸಿ.

ಪ್ರಶ್ನೆ ಕೇಳಿದವರಿಂದ, ಆರು ವಾರಗಳ ನಂತರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸೋಯಾ ಚೀಲದ ವಿವರದಲ್ಲಿ ಸೋಯಾ ಬಿಟ್ಟು ಬೇರೇನೂ ಇಲ್ಲ. ಪ್ಯಾರಾಫಿನ್ ಲೋಟಕ್ಕೆಂದೇ ಮಾರುವ ಮೃದುವಾದದ್ದು. 80:20 ಮತ್ತು ಸಮಪಾಲು ಎರಡನ್ನೇ ಇಟ್ಟುಕೊಂಡು, ತಲಾ ಮೂರು ಬತ್ತಿಗಳಲ್ಲಿ ಮಾಡಿ, ಹದಿನಾಲ್ಕು ದಿನ ಮುಚ್ಚಿಟ್ಟು ಪರೀಕ್ಷಿಸಿದೆ.

ಹಳೆಯ ಬತ್ತಿಗಿಂತ ಎರಡು ಗಾತ್ರ ದೊಡ್ಡದನ್ನು ಹಾಕಿದ 80:20 ಲೋಟ ನಾಲ್ಕು ಗಂಟೆಯಲ್ಲಿ 18 ಗ್ರಾಂ ಇಳಿಯಿತು, ಅಂದರೆ ಗಂಟೆಗೆ 4.5 ಗ್ರಾಂ. ಹಳೆಯದಕ್ಕಿಂತ ಒಂದು ಗಾತ್ರ ಚಿಕ್ಕ ಬತ್ತಿಯ ಸಮಪಾಲಿನ ಲೋಟ 19 ಗ್ರಾಂ ಇಳಿಯಿತು. ಇದೇ ಜೋಡಿಯನ್ನು ಹಿಡಿದು ಮನೆಯ ಮೂವರಿಂದ, ಬೇರೆ ಬೇರೆ ದಿನ, ಯಾವುದೆಂದು ಹೇಳದೆ ಅಂಕ ಹಾಕಿಸಿದೆ. ಒಬ್ಬರು ಎರಡಕ್ಕೂ ನಾಲ್ಕು ಕೊಟ್ಟರು. ಇನ್ನೊಬ್ಬರು ಸಮಪಾಲಿಗೆ ಒಂದು ಅಂಕ ಹೆಚ್ಚು ಕೊಟ್ಟರು, ಮೂರನೆಯವರು 80:20ಕ್ಕೆ. ಮೊದಲ ಪರೀಕ್ಷೆಯಲ್ಲಿ ಆಕಾಶ ಪಾತಾಳದಂತೆ ಕಂಡಿದ್ದ ಅಂತರ ಬತ್ತಿಯನ್ನು ಸರಿಪಡಿಸಿ, ಹುದುಗಿಡುವ ದಿನವನ್ನು ಒಂದೇ ಮಾಡಿದ ಮೇಲೆ ಇಷ್ಟಕ್ಕೆ ಬಂದು ನಿಂತಿದೆ. ಕಡ್ಡಿಯಿಂದ ಚುಚ್ಚಿ ಎರಡನೆಯ ಸಲ ಸುರಿದದ್ದರಿಂದ ಕುಳಿಯೂ ಬೀಳಲಿಲ್ಲ. ಹಾಗಾಗಿ ನಾನು 80:20ರಲ್ಲೇ ಮುಂದುವರಿಯುತ್ತೇನೆ.

ಒಂದು ತೊಂದರೆ ಮಾತ್ರ ಉಳಿದಿದೆ. ಐದನೆಯ ಸಲ ಹಚ್ಚಿದಾಗ, ಮೇಣ ಅರ್ಧಕ್ಕಿಂತ ಕೆಳಗಿಳಿದಿದ್ದ 80:20 ಲೋಟದ ಕುಡಿ ಇದ್ದಕ್ಕಿದ್ದಂತೆ ಉದ್ದವಾಗಿ, ಮೂರನೆಯ ಗಂಟೆಗೆ ಗಾಜನ್ನು ಕೈಯಲ್ಲಿ ಹಿಡಿಯಲಾಗದಷ್ಟು ಕಾದಿತ್ತು. ಬತ್ತಿಯನ್ನು ಐದು ಮಿಲಿಮೀಟರ್‌ಗೆ ಕತ್ತರಿಸಿಯೇ ಹಚ್ಚಿದ್ದೆ. ಪ್ಯಾರಾಫಿನ್ ಪಾಲನ್ನು ಇನ್ನಷ್ಟು ಇಳಿಸಬೇಕೆ?

ಮೊದಲನೆಯ ಉತ್ತರ ಕೊಟ್ಟವರಿಂದ

ಬೆರಕೆಯನ್ನು ಮುಟ್ಟಬೇಡಿ, ಬತ್ತಿಯನ್ನು ಒಂದು ಗಾತ್ರ ಇಳಿಸಿ. ಮೇಲಿನ ಅರ್ಧದಲ್ಲಿ ಸರಿಯೆನಿಸಿದ ಬತ್ತಿ ಕೆಳಗಿನ ಅರ್ಧಕ್ಕೆ ಹೆಚ್ಚಾಯಿತು ಎಂಬುದೇ ಇದರ ಅರ್ಥ. ನೀವು ಮಾಡಿದ ಮೂರು ಲೋಟಗಳಲ್ಲಿ ಹಳೆಯದಕ್ಕಿಂತ ಒಂದೇ ಗಾತ್ರ ದೊಡ್ಡ ಬತ್ತಿಯದೂ ಇರಬೇಕು. ಮೊದಲ ಸಲ ಅದರ ಅಂಚಿನಲ್ಲಿ ಮೂರು ನಾಲ್ಕು ಮಿಲಿಮೀಟರ್ ಮೇಣ ಉಳಿದಿದ್ದರೆ ಅದನ್ನು ಸೋತದ್ದೆಂದು ಬದಿಗಿಡಬೇಡಿ. ಅದನ್ನು ದಿನಕ್ಕೆ ನಾಲ್ಕು ಗಂಟೆಯಂತೆ, ಪ್ರತಿ ಸಲ ಬತ್ತಿ ಕತ್ತರಿಸಿ, ತಳದಲ್ಲಿ 13 ಮಿಲಿಮೀಟರ್ ಮೇಣ ಉಳಿಯುವವರೆಗೆ ಉರಿಸಿ ನೋಡಿ. ಅಲ್ಲಿಗೆ ನಿಲ್ಲಿಸುವುದು ಕಡ್ಡಾಯ, ಏಕೆಂದರೆ ಅದಕ್ಕಿಂತ ಕೆಳಗೆ ಶಾಖ ನೇರವಾಗಿ ಗಾಜಿನ ತಳಕ್ಕೆ ತಾಗಿ ಲೋಟ ಸೀಳಬಹುದು. ಈ ದಿನಗಳಲ್ಲಿ ಹತ್ತಿರವೇ ಇರಿ, ಮತ್ತು ಲೋಟದ ಬಾಯಿಗೆ ಸರಿಹೊಂದುವ ಲೋಹದ ಮುಚ್ಚಳವನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ಉರಿ ಮಿತಿಮೀರಿದರೆ ಮುಚ್ಚಿ ಆರಿಸಬೇಕೇ ಹೊರತು ಕುದಿಯುವ ಮೇಣದ ಮೇಲೆ ನೀರು ಹಾಕಬಾರದು. ಲೋಟ ಕೊನೆಯವರೆಗೆ ಶಾಂತವಾಗಿ ಉರಿದರೆ ಅದೇ ಬತ್ತಿಯಲ್ಲಿ ಇನ್ನೆರಡು ಲೋಟ ಮಾಡಿ, ಫಲಿತಾಂಶ ಮರುಕಳಿಸುತ್ತದೆಯೇ ನೋಡಿ. ತೈಲವನ್ನು ಶೇ. 8ರಿಂದ 9ಕ್ಕೆ ಏರಿಸುವ ಯೋಚನೆಯಿದ್ದರೆ ಅದು ಆಮೇಲೆ, ಮತ್ತು ತೈಲ ಹೆಚ್ಚಿದಾಗಲೂ ಬತ್ತಿಯನ್ನು ಮತ್ತೊಮ್ಮೆ ತೂಗಿ ನೋಡಿಯೇ ಆರಿಸಬೇಕು.