ಫೋರ್ ವೀಲ್ ಪಿಕಪ್ 3 ಇಂಚು ಇಳಿಸ್ಲಿಕ್ಕೆ ಆಗ್ತದಾ?

ಬದಿಯಡ್ಕ ಪಿಕಪ್:
ಗಾಡಿ ಇಸುಜು ವಿ-ಕ್ರಾಸ್, ಹಳೆಯ 2.5 ಲೀಟರ್ ಇಂಜಿನಿನದ್ದು, ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನಿನ ಬಲ ಹೋಗುವಂಥದ್ದು), ಕೆಎಲ್-14 (ಕೇರಳದ ಕಾಸರಗೋಡು) ನೋಂದಣಿ. ಎದುರು ಡಬಲ್ ವಿಶ್‌ಬೋನ್ (ಚಕ್ರ ಹಿಡಿಯುವ ಮೇಲೊಂದು ಕೆಳಗೊಂದು ಆರ್ಮ್), ಕಾಯಿಲ್ (ಸುರುಳಿ) ಸ್ಪ್ರಿಂಗ್. ಹಿಂದೆ ಲೀಫ್ ಪಟ್ಟಿ (ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು), ಆಕ್ಸಲಿನ ಮೇಲೆ ಕೂತದ್ದು. ಮನೆಯ ಹಿರಿಯರಿಗೆ ಹತ್ಲಿಕ್ಕೆ ಕಷ್ಟ, ಹೈವೇ ತಿರುವಿನಲ್ಲಿ ವಾಲುತ್ತದೆ ಬೇರೆ. ನಾಲ್ಕೂ ಕಡೆ 3 ಇಂಚು ಇಳಿಸುವ ಅಂತ ಆಲೋಚನೆ. ಆದರೆ ಮಳೆಗಾಲದಲ್ಲಿ ತೋಟದ ಮಾರ್ಗಕ್ಕೆ ಫೋರ್ ವೀಲ್ ಬೇಕೇ ಬೇಕು, ಅಡಿಕೆ ಗೋಣಿಯೂ ಹೇರ್ಲಿಕ್ಕುಂಟು. ಎದುರಿನ ಸ್ಪ್ರಿಂಗ್ ಕತ್ತರಿಸಿ, ಹಿಂದೆ ಬ್ಲಾಕ್ (ಲೋಹದ ತುಂಡು) ಹಾಕಿದರೆ ಮುಗೀತು ಅಂತ ಗ್ಯಾರೇಜಿನವರ ಲೆಕ್ಕ. ಎದುರಿನ ಚಕ್ರಕ್ಕೆ ಬಲ ಒಯ್ಯುವ ಶಾಫ್ಟಿನ ಕೀಲು, ಅಂದರೆ ಸಿವಿ ಜಾಯಿಂಟ್, ಹೋದೀತಾ?

ಸ್ಪ್ಯಾನರ್ 19:
ಮೊದಲು ಆ ಬ್ಲಾಕಿನ ಮಾತು ಬಿಡಿ. ನಿಮ್ಮದರಲ್ಲಿ ಪಟ್ಟಿ ಆಕ್ಸಲಿನ ಮೇಲೆ ಉಂಟು. ಎರಡರ ನಡುವೆ ಬ್ಲಾಕ್ ತೂರಿಸಿದರೆ ಗಾಡಿ ಮೇಲೇಳ್ತದೆ, ಇಳಿಯುವುದಿಲ್ಲ. ಬ್ಲಾಕಿನಿಂದ ಇಳಿಯುವುದು ಪಟ್ಟಿ ಆಕ್ಸಲಿನ ಕೆಳಗೆ ತೂಗುವ ಗಾಡಿಗಳಲ್ಲಿ ಮಾತ್ರ. ಇಷ್ಟು ಗೊತ್ತಿಲ್ಲದ ಗ್ಯಾರೇಜಿಗೆ ಸ್ಪ್ರಿಂಗ್ ಕತ್ತರಿಸ್ಲಿಕ್ಕೂ ಕೊಡಬೇಡಿ ಮಾರಾಯ್ರೆ.

ಸಿವಿ ಜಾಯಿಂಟಿನ ಹೆದರಿಕೆ ಗಾಡಿ ಎತ್ತರಿಸುವವರದ್ದು. ಸಾಮಾನ್ಯವಾಗಿ ಇಂಥ ಗಾಡಿಯ ಎದುರಿನ ಶಾಫ್ಟ್‌ಗಳು, ಎಡಬಲ ಚಕ್ರಕ್ಕೆ ಬಲ ಹಂಚುವ ಗೇರ್ ಗುಂಡಾದ ಡಿಫರೆನ್ಷಿಯಲಿನಿಂದ ಚಕ್ರದ ಕಡೆಗೆ ತುಸು ಇಳಿಜಾರಾಗಿರ್ತವೆ. ಒಂದು ಇಂಚು ಇಳಿಸಿದರೆ ಇನ್ನೂ ನೇರವೇ ಆಗ್ತವೆ. ನಿಮ್ಮನ್ನು ತಡೆಯುವುದು ಬಂಪ್ ಸ್ಟಾಪ್, ಅಂದರೆ ಚಕ್ರ ಮಿತಿ ಮೀರಿ ಮೇಲೇಳದ ಹಾಗೆ ತಡೆಯುವ ರಬ್ಬರ್. ಗಾಡಿ ಸಮತಟ್ಟಿನಲ್ಲಿ ನಿಲ್ಲಿಸಿ, ಆರ್ಮಿಗೂ ಬಂಪ್ ರಬ್ಬರಿಗೂ ನಡುವಿನ ಎಡೆ ಅಳೆಯಿರಿ. 3 ಇಂಚು ಇಳಿಸಿದರೆ ಖಾಲಿ ಗಾಡಿಯಲ್ಲೇ ಆ ಎಡೆ ಬಹುತೇಕ ಮುಗಿದಿರ್ತದೆ, ಪ್ರತಿ ಗುಂಡಿಗೂ ಚೇಸಿಸ್‌ಗೆ ನೇರ ಹೊಡೆತ. ರಬ್ಬರ್ ಕತ್ತರಿಸಿ ಜಾಗ ಮಾಡಿದರೆ ಟಯರ್ ಫೆಂಡರ್ ಲೈನರಿಗೆ ತಾಗ್ತದೆ, ಇಲ್ಲಾ ಶಾಕ್ ಒಳಗಿಂದ ತಳಕ್ಕೆ ಬಡಿದು ಸೀಲ್ ಹೋಗ್ತದೆ.

ಎದುರು ಹೆಚ್ಚೆಂದರೆ ಒಂದೂವರೆ ಇಂಚು. ಅದಕ್ಕೆ ಅಳತೆಯ ಗಿಡ್ಡ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್. ಒಂದು ಲೆಕ್ಕ ನೆನಪಿರಲಿ: ಶಾಕ್ ಕೂತದ್ದು ಆರ್ಮಿನ ನಡುವೆ, ಚಕ್ರ ತುದಿಯಲ್ಲಿ. ಸ್ಪ್ರಿಂಗ್ ಒಂದು ಇಂಚು ಕೆಳಗೆ ಕೂತರೆ ಚಕ್ರದ ಹತ್ತಿರ ಒಂದೂವರೆಯಿಂದ 2 ಇಂಚು ಇಳಿತ ಕಾಣ್ತದೆ. ಸುರುಳಿ ಕತ್ತರಿಸಿದರೆ ಉಳಿದದ್ದು ಗಟ್ಟಿಯಾಗ್ತದೆ, ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಜ್ಯಾಕ್ ಎತ್ತಿದಾಗ ಸಡಿಲವಾಗಿ ಜಾರ್ತದೆ. ಗ್ಯಾಸ್ ಹಿಡಿದು ಬಿಸಿ ಮಾಡಿ ಕೂರಿಸುವುದಂತೂ ಬೇಡವೇ ಬೇಡ, ಉಕ್ಕಿನ ಹದವೇ ಹೋಗ್ತದೆ.

ಅಳತೆ ತೆಗೆಯುವುದು ನೆಲದಿಂದಲ್ಲ, ಹಬ್ಬಿನ ನಡುವಿನಿಂದ ಫೆಂಡರಿನ ಅಂಚಿಗೆ. ಟಯರ್ ಗಾಳಿ ಸಮ ಇರಲಿ, ಡೀಸೆಲ್ ಅರ್ಧ ಟ್ಯಾಂಕ್ ಇರಲಿ. ನಾಲ್ಕೂ ಮೂಲೆಯದ್ದನ್ನು ಬರೆದಿಡಿ.

ಪಟ್ಟಿ ಕೆಲಸ:
ಹಿಂದಿನ ವಿಷಯ ನಾನು ಹೇಳ್ತೇನೆ. ದಾರಿ ಮೂರುಂಟು.

ಆಕ್ಸಲನ್ನು ಪಟ್ಟಿಯ ಮೇಲಕ್ಕೆ ತರುವ ಫ್ಲಿಪ್: ಪಟ್ಟಿಯ ಕಟ್ಟಿನ ದಪ್ಪ ಮತ್ತು ಆಕ್ಸಲ್ ಕೊಳವೆಯ ದಪ್ಪ ಕೂಡಿದಷ್ಟು ಗಾಡಿ ಕುಸಿಯುತ್ತದೆ, ಅಂದರೆ 5 ಇಂಚಿನ ಆಸುಪಾಸು. ಹೊಸ ಪರ್ಚ್ (ಆಕ್ಸಲಿನಲ್ಲಿ ಪಟ್ಟಿ ಕೂರುವ ಸೀಟು) ವೆಲ್ಡ್ ಮಾಡಬೇಕು, ಆಕ್ಸಲಿಗೆ ಜಾಗ ಸಿಗ್ಲಿಕ್ಕೆ ಚೇಸಿಸ್ ಕಡಿದು ಬಲ ಕೊಡಬೇಕು. ಶೋಕಿ ಗಾಡಿಗೆ ಸರಿ, ಗೋಣಿ ಹೇರುವವರಿಗಲ್ಲ.

ಪಟ್ಟಿ ಒಂದನ್ನು ತೆಗೆಯುವುದು: ಅಡಿಯ ದಪ್ಪ ಹೆಲ್ಪರ್ ತೆಗೆದರೆ ಗಾಡಿ ಇಳಿಯುವುದು ಆ ಪಟ್ಟಿಯ ದಪ್ಪದಷ್ಟೇ. ಹೊರೆ ಹೊರುವ ಶಕ್ತಿ ಮಾತ್ರ ದೊಡ್ಡದಾಗಿ ಹೋಗ್ತದೆ. ನಷ್ಟದ ವ್ಯಾಪಾರ.

ಮೂರನೆಯದು ಪಟ್ಟಿಯ ಬಾಗು ಕಡಿಮೆ ಮಾಡುವುದು. ನಿಮಗೆ ಇದೇ ಆಗಬಹುದು, ಅದೂ ಒಂದು ಇಂಚು. ಲಾರಿ ಪಟ್ಟಿ ಕೆಲಸದವರು ತಣ್ಣಗೇ ಪ್ರೆಸ್ಸಿನಲ್ಲಿ ಮಾಡಿಕೊಡಬೇಕು, ಎರಡೂ ಬದಿಯ ಬಾಗು ಸಮ ಇರಬೇಕು. ಪಟ್ಟಿ ಚಪ್ಪಟೆಯಾದಷ್ಟೂ ಉದ್ದ ಬೆಳೀತದೆ, ಪಟ್ಟಿಯ ತುದಿಯನ್ನು ಚೇಸಿಸ್‌ಗೆ ಸೇರಿಸುವ ಆಡುವ ಕೊಂಡಿ, ಅಂದರೆ ಶ್ಯಾಕಲ್, ಹಿಂದಕ್ಕೆ ಮಲಗ್ತದೆ. ಹೊರೆ ಹಾಕಿದಾಗ ಶ್ಯಾಕಲ್ ಚೇಸಿಸ್‌ಗೆ ತಾಗುವ ಹಾಗಿದ್ದರೆ ಇನ್ನು ಇಳಿಸಬೇಡಿ.

ಪಟ್ಟಿಯನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಹಾಕಿ, ಒಮ್ಮೆ ಎಳೆದದ್ದನ್ನು ಮತ್ತೆ ಎಳೆಯಬಾರದು. ಮೊದಲ ಹೊರೆ ಹೋಗಿ ಬಂದ ಮೇಲೆ ಟಾರ್ಕ್ ರೆಂಚಿನಲ್ಲಿ ಪುನಃ ನೋಡಿ. ಶ್ಯಾಕಲ್ ಬೋಲ್ಟ್, ಎದುರಿನ ಆರ್ಮಿನ ಬೋಲ್ಟ್ ಎರಡನ್ನೂ ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗಲೇ ಕೊನೆಗೆ ಬಿಗಿಯಬೇಕು. ಜ್ಯಾಕಿನಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರೀತದೆ. ಹೆಚ್ಚಿನವರು ತಪ್ಪುವುದೇ ಇಲ್ಲಿ.

ಬದಿಯಡ್ಕ ಪಿಕಪ್:
ಹಾಗಾದರೆ ಎದುರು ಒಂದೂವರೆ, ಹಿಂದೆ ಒಂದು. ಅಷ್ಟಕ್ಕೆ ನಮ್ಮ ಮುರಕಲ್ಲಿನ ಮಾರ್ಗದಲ್ಲಿ ಅಡಿ ತಾಗ್ತದಾ?

ಸ್ಪ್ಯಾನರ್ 19:
ಹಿಂದಿನ ಡಿಫರೆನ್ಷಿಯಲ್ ಗುಂಡು ನೆಲದಿಂದ ಮೊದಲಿನಷ್ಟೇ ಎತ್ತರದಲ್ಲಿರ್ತದೆ, ಅದನ್ನು ನಿರ್ಧರಿಸುವುದು ಟಯರ್. ಕೆಳಗೆ ಬರುವುದು ಎದುರಿನ ಡಿಫರೆನ್ಷಿಯಲ್, ಕ್ರಾಸ್ ಮೆಂಬರ್, ಸ್ಕಿಡ್ ಪ್ಲೇಟ್. ಮಳೆಗೆ ಕೊರೆದು ಎರಡು ಗಾಲಿಜಾಡು ಬಿದ್ದ ದಾರಿಯಲ್ಲಿ ನಡುದಿಣ್ಣೆಗೆ ಮೊದಲು ತಾಗುವುದು ಅದೇ.

ಆರ್‌ಸಿ ಬುಕ್:
ಯಾರೂ ಹೇಳದ ಎರಡು ವಿಷಯ. ಹಿಂದಿನ ಆಕ್ಸಲಿಗೆ ಕಂಬಿ ಕಟ್ಟಿದ ಲೋಡ್ ಸೆನ್ಸಿಂಗ್ ವಾಲ್ವ್ ಇದ್ದರೆ, ಹಿಂದೆ ಇಳಿಸಿದ ಕೂಡಲೇ ಅದು ಗಾಡಿಯಲ್ಲಿ ಹೊರೆ ಉಂಟು ಅಂತ ಲೆಕ್ಕ ಹಾಕಿ ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚಿಸ್ತದೆ. ಮಳೆಯಲ್ಲಿ ಖಾಲಿ ಪಿಕಪ್ ಹಿಂದಿನಿಂದ ಜಾರ್ಲಿಕ್ಕೆ ಅಷ್ಟು ಸಾಕು. ಕಂಬಿಯನ್ನು ಮ್ಯಾನುಯಲ್ ಪ್ರಕಾರ ಪುನಃ ಹೊಂದಿಸಿ. ಆಮೇಲೆ ಚಕ್ರ ನಿಲ್ಲುವ ಕೋನಗಳಾದ ಕ್ಯಾಂಬರ್, ಕ್ಯಾಸ್ಟರ್, ಟೋ ಮೂರನ್ನೂ ಸರಿ ಮಾಡಿಸಿ. ಟೋ ಮಾತ್ರ ನೋಡಿ ಕಳಿಸುವಲ್ಲಿಗೆ ಹೋದರೆ ಎದುರಿನ ಟಯರ್ ಒಳಬದಿಯಲ್ಲಿ ಸವೀತದೆ. ಹೆಡ್‌ಲೈಟಿನ ದಿಕ್ಕೂ ನೋಡಿ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣದಲ್ಲೇ ಇದನ್ನು ಎತ್ತಿಹಿಡಿಯಿತು. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೂ ಕಾಯ್ದೆ ಅದೇ, ಮಂಗಳೂರಲ್ಲಿ ಮಾಡಿಸಿದರೆ ಪಾರು ಅಂತ ಇಲ್ಲ. ಕೆಲಸಕ್ಕೆ ಮುಂಚೆ ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸಿನವರಲ್ಲೂ ಲಿಖಿತವಾಗಿ ಕೇಳಿ.

ನನ್ನನ್ನು ಕೇಳಿದರೆ ಇಳಿಸುವುದೇ ಬೇಡ. ಹತ್ಲಿಕ್ಕೆ ತಗ್ಗಿನ ಫುಟ್‌ಸ್ಟೆಪ್ ಹಾಕಿ, ಒಳಗೆ ಹಿಡಿಕೆ ಭದ್ರ ಮಾಡಿಸಿ. ವಾಲುವುದಕ್ಕೆ ಮೊದಲು ಶಾಕ್‌ನಿಂದ ಎಣ್ಣೆ ಒಸರಿದೆಯಾ, ಎದುರಿನ ಆಂಟಿ ರೋಲ್ ಬಾರಿನ ಲಿಂಕ್, ಬುಷ್ ಸವೆದಿದೆಯಾ ನೋಡಿ. ಹಳೆ ಗಾಡಿಯಲ್ಲಿ ಅರ್ಧ ವಾಲಾಟ ಅಲ್ಲೇ ಸಿಗ್ತದೆ.