ತೂಗುಹನಿಯಲ್ಲಿ ಎಂಸಿಎಫ್-7 ಕೋಶಗಳು ಗುಂಪಾಗುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಬೆಣ್ಣೆದೋಸೆ (ದಾವಣಗೆರೆ):
ನಮಸ್ಕಾರ. ಎಂಎಸ್ಸಿ ಕೊನೆ ಸೆಮಿಸ್ಟರ್ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಸ್ತನ ಕ್ಯಾನ್ಸರಿನ ಎರಡು ಬಗೆ ಕೋಶ ಇಟ್ಟುಕೊಂಡಿದ್ದೇನೆ. ಎಂಸಿಎಫ್-7ರಲ್ಲಿ ಇ-ಕ್ಯಾಡ್ಹೆರಿನ್ (ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಪ್ರೋಟೀನ್) ಇದೆ, ಎಂಡಿಎ-ಎಂಬಿ-231ರಲ್ಲಿ ಇಲ್ಲ. ಯಾವುದು ಗುಂಪಾಗುತ್ತದೆ ನೋಡಲು, ಡಿಶ್ ಮುಚ್ಚಳಕ್ಕೆ ಕೋಶಗಳಿರುವ 20 ಮೈಕ್ರೋಲೀಟರ್ ಹನಿ ಹಾಕಿ ತಲೆಕೆಳಗೆ ತೂಗುಬಿಟ್ಟೆ. 2 ಗಂಟೆ ಬಿಟ್ಟು ನೋಡಿದರೆ ಎರಡೂ ಬಿಡಿಬಿಡಿ! ಮಾರನೇ ದಿನ ಬೆಳಗ್ಗೆ ಮಾತ್ರ ಎಂಸಿಎಫ್-7 ಗುಂಪು ಕಟ್ಟಿತ್ತು. ಮೂರು ಸಲ ಹೀಗೇ ಆಯಿತು. "ನಿನ್ನ ಕೋಶಗಳೇ ಕೆಟ್ಟಿವೆ, ಹೊಸದು ತರಿಸು" ಎಂದು ಗೈಡ್ ಹೇಳುತ್ತಿದ್ದಾರೆ. ಅಷ್ಟು ದುಡ್ಡಿಲ್ಲ.

ಕೋಟೆಕಲ್ಲು (ಚಿತ್ರದುರ್ಗ):
ತರಿಸಬೇಡಮ್ಮ, ಸ್ವಲ್ಪ ತಡಿ. ಪ್ಲೇಟಿನಿಂದ ಕೋಶ ಬಿಡಿಸಿದ್ದು ಹೇಗೆ?

ಬೆಣ್ಣೆದೋಸೆ:
ಎಲ್ಲರೂ ಮಾಡುವ ಹಾಗೇ ಸರ್. 0.25% ಟ್ರಿಪ್ಸಿನ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಮತ್ತು ಇಡಿಟಿಎ, 37 ಡಿಗ್ರಿ. ಬೇಗ ಬಿಡಲಿಲ್ಲ ಅಂತ 10 ನಿಮಿಷ ಬಿಟ್ಟೆ.

ಕೋಟೆಕಲ್ಲು:
ಅಲ್ಲೇ ಇದೆ ನೋಡು. ಕ್ಯಾಡ್ಹೆರಿನ್ ಗಟ್ಟಿಯಾಗಿ ನಿಲ್ಲುವುದೇ ಕ್ಯಾಲ್ಸಿಯಂ ಇದ್ದಾಗ. ಇಡಿಟಿಎ ಕ್ಯಾಲ್ಸಿಯಂ ಹಿಡಿದುಕೊಂಡು ಬಿಡುತ್ತದೆ, ಆಗ ಟ್ರಿಪ್ಸಿನ್ ಕ್ಯಾಡ್ಹೆರಿನ್ನನ್ನು ಕತ್ತರಿಸಿ ಹಾಕುತ್ತದೆ. ಮಂಡಕ್ಕಿ ಉಂಡೆಯ ಬೆಲ್ಲದ ಪಾಕ ತೊಳೆದು, ಮಂಡಕ್ಕಿ ಯಾಕೆ ಅಂಟುತ್ತಿಲ್ಲ ಎಂದು ಕೇಳಿದ ಹಾಗಾಯಿತು. ಬೆಳಗ್ಗೆ ಗುಂಪು ಕಂಡಿತಲ್ಲ, ಅದು ಕೋಶಗಳು ರಾತ್ರಿಯಿಡೀ ಹೊಸ ಕ್ಯಾಡ್ಹೆರಿನ್ ತಯಾರಿಸಿಕೊಂಡಿದ್ದು. ಕೆಟ್ಟಿದ್ದರೆ ಆಗುತ್ತಿತ್ತಾ?

ಕ್ಯಾಲ್ಸಿಯಂ ಇದ್ದರೆ ಟ್ರಿಪ್ಸಿನ್ ಇದನ್ನು ಮುಟ್ಟುವುದಿಲ್ಲ. ಜಪಾನಿನ ವಿಜ್ಞಾನಿ ಮಸಾತೋಶಿ ತಾಕೆಇಚಿ 1977ರಲ್ಲೇ ಈ ವ್ಯತ್ಯಾಸ ಹಿಡಿದಿದ್ದರು. ಹಾಗಾಗಿ ಇಡಿಟಿಎ ಬಿಡು. ಹೆಪೆಸ್ ಬಫರಿನಲ್ಲಿ (ಪಿಎಚ್ ಏರುಪೇರಾಗದಂತೆ ಕಾಯುವ ದ್ರಾವಣ) 0.01% ಟ್ರಿಪ್ಸಿನ್, ಜೊತೆಗೆ 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್. ಕೋಶಗಳು ಹಾಳೆಹಾಳೆಯಾಗಿ ಎದ್ದು ಬರುತ್ತವೆ, ಗಾಬರಿ ಬೇಡ. ಸೋಯಾಬೀನ್ ಇನ್ಹಿಬಿಟರ್ ಹಾಕಿ ಟ್ರಿಪ್ಸಿನ್ ನಿಲ್ಲಿಸು. ಆಮೇಲೆ ಕ್ಯಾಲ್ಸಿಯಂ ಇಲ್ಲದ ಬಫರಿನಲ್ಲಿ ಮೆಲ್ಲಗೆ ಪಿಪೆಟ್ ಮಾಡಿದರೆ ಬಿಡಿಯಾಗುತ್ತವೆ. ಈ ಕ್ರಮ ಮಾತ್ರ ತಪ್ಪಿಸಬೇಡ. ಕೊನೆಗೆ ಒಂದು ಸಾಲು ಹನಿಗೆ ಕ್ಯಾಲ್ಸಿಯಂ, ಇನ್ನೊಂದಕ್ಕೆ ಇಡಿಟಿಎ.

ನೀಲಿಕೋಟು:
ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸತ್ತ ಕೋಶಗಳ ಡಿಎನ್ಎ ಅಂಟಂಟಾಗಿ ಸುಳ್ಳು ಗುಂಪು ಮಾಡುತ್ತದೆ. ಡಿಎನ್ಎ ಕತ್ತರಿಸುವ ಕಿಣ್ವ ಡಿಎನ್ಏಸ್ ಚೂರು ಹಾಕಿ. ಮತ್ತೆ ನಮ್ಮೂರಿನ ಬಿಸಿಲಿಗೆ ಹನಿ ಒಣಗುತ್ತದೆ, ಡಿಶ್ ತಳಕ್ಕೆ ಬಫರ್ ಹಾಕಿಡಿ.

ಬೆಣ್ಣೆದೋಸೆ:
ಆಯ್ತು ಸರ್!! ಕ್ಯಾಲ್ಸಿಯಂ ಸಾಲಿನಲ್ಲಿ ಒಂದು ಗಂಟೆಯೊಳಗೆ ಉಂಡೆ, ಇಡಿಟಿಎ ಸಾಲಿನಲ್ಲಿ ಬಿಡಿ. 231 ಎರಡರಲ್ಲೂ ಬಿಡಿಯಾಗೇ ಇತ್ತು. ಹಾಗಾದರೆ ರಿಪೋರ್ಟಿನಲ್ಲಿ "ಇ-ಕ್ಯಾಡ್ಹೆರಿನ್ ಹೋದರೆ ಕ್ಯಾನ್ಸರ್ ಹರಡುತ್ತದೆ, ಇದ್ದರೆ ಇಲ್ಲ" ಎಂದು ಬರೆಯಬಹುದಾ?

ಕೋಟೆಕಲ್ಲು:
ಮೊದಲರ್ಧ ಸ್ವಲ್ಪ ಮಟ್ಟಿಗೆ ಸರಿ, ಎರಡನೆಯದು ಬೇಡವೇ ಬೇಡ. ಲೋಬ್ಯುಲರ್ (ಹಾಲಿನ ಗ್ರಂಥಿಗಳ ಬಗೆಯ) ಸ್ತನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಇ-ಕ್ಯಾಡ್ಹೆರಿನ್ ಇರುವುದಿಲ್ಲ. ಕೋಶಗಳು ಒಂದರ ಹಿಂದೊಂದು ಇರುವೆ ಸಾಲಿನಂತೆ ನುಗ್ಗುತ್ತವೆ. ಆದರೆ ಇನ್ಫ್ಲಮೇಟರಿ (ಸ್ತನ ಕೆಂಪಾಗಿ ಊದುವ) ಬಗೆಯಲ್ಲಿ ಇ-ಕ್ಯಾಡ್ಹೆರಿನ್ ಚೆನ್ನಾಗೇ ಇರುತ್ತದೆ, ಅದು ಹರಡುವುದು ಇನ್ನೂ ಜೋರು. ರಕ್ತದಲ್ಲಿ ಒಂಟಿ ಕೋಶಕ್ಕಿಂತ ಗುಂಪಾಗಿ ಹೋಗುವ ಕೋಶಗಳೇ ಬೇರೆ ಕಡೆ ಬೇರೂರುವುದು ಜಾಸ್ತಿ. ಇನ್ನು ನಡೆಯಬೇಕಾದರೆ ನೆಲ ಹಿಡಿಯಬೇಕಲ್ವಾ? ಆ ಕೆಲಸ ಇಂಟೆಗ್ರಿನ್ ಎಂಬ ಬೇರೆ ಪ್ರೋಟೀನಿನದು. ನಿನ್ನ ಹನಿಯಲ್ಲಿ ನೆಲವೇ ಇಲ್ಲ. ಅಂದರೆ ನೀನು ಅಳೆದಿದ್ದು ಅಂಟುವುದನ್ನು, ಹರಡುವುದನ್ನಲ್ಲ. ಅಷ್ಟನ್ನೇ ಬರಿ.

ಬೆಣ್ಣೆದೋಸೆ:
ಸರಿ ಸರ್, ತಲೆಬರಹವನ್ನೇ ಬದಲಿಸುತ್ತೇನೆ. ಗೈಡ್‌ಗೆ ಹೇಗೆ ಹೇಳುವುದು ಅಂತ ಯೋಚನೆ.

ನೀಲಿಕೋಟು:
ಏನೂ ಹೇಳಬೇಡಿ. ಎರಡು ಸಾಲಿನ ಫೋಟೋ ಮುಂದಿಡಿ, ಸ್ಕೇಲ್ ಬಾರ್ ಹಾಕಿ.